ಮೀನಿನ ಲೆಕ್ಕ, ರೂಮಿನ ಲೆಕ್ಕ

ಪ್ರಿಯ ಓದುಗರೇ,

ಈ ಸಲ ಯುಗಾದಿ ಕಾರ್ಯಕ್ರಮದ ತಾರೀಖು ಗೊತ್ತು ಮಾಡಲು ನಮ್ಮ ಸಮಿತಿ ಮೂರು ಸಲ ಸೇರಬೇಕಾಯಿತು. ಹಾಲ್ ಸಿಕ್ಕಿತ್ತು, ಅಡುಗೆಯವರು ಒಪ್ಪಿದ್ದರು, ಮಕ್ಕಳ ನಾಟಕವೂ ಹೆಚ್ಚುಕಮ್ಮಿ ತಯಾರಿತ್ತು. ಮಾರ್ಚ್ ಕೊನೆಯ ಶನಿವಾರ ಅಂತ ಬರೆದುಕೊಳ್ಳುವಷ್ಟರಲ್ಲಿ ನಮ್ಮ ಖಜಾಂಚಿಗಳು ಕೈ ಎತ್ತಿದರು. "ಆ ವಾರ ಆಗಲ್ಲ ಮಾರಾಯ್ರೆ. ನೀರು ಅರವತ್ತು ದಾಟಿರುತ್ತೆ."

ಯಾವ ನೀರು, ಎಂಥ ಅರವತ್ತು ಅಂತ ಅರ್ಧ ಜನಕ್ಕೆ ತಿಳಿಯಲಿಲ್ಲ. ಇನ್ನರ್ಧ ಜನ ಗಂಭೀರವಾಗಿ ತಲೆಯಾಡಿಸಿದರು. ನಮ್ಮ ಸಂಘದಲ್ಲಿ ಗಾಳ ಹಾಕುವವರು ಇಷ್ಟೊಂದು ಮಂದಿ ಇದ್ದಾರೆ ಅಂತ ನನಗೆ ಗೊತ್ತಾಗಿದ್ದೇ ಅವತ್ತು.

ಅರವತ್ತು ಅಂದರೆ ಫ್ಯಾರನ್‌ಹೀಟ್ ಲೆಕ್ಕ. ನೀರು ಅಷ್ಟು ಬೆಚ್ಚಗಾದರೆ ಬಾಸ್ ಮೀನು ಮೊಟ್ಟೆ ಇಡಲು ಆಳದಿಂದ ದಡದ ಹತ್ತಿರ ಬರುತ್ತದೆ. (ಬಾಸ್ ಅಂದ ಕೂಡಲೇ ಆಫೀಸು ನೆನಪಾದವರು ಕ್ಷಮಿಸಿ.) ಡಲ್ಲಾಸ್ ಕಡೆಯ ನಮಗೆ ಅದು ಮಾರ್ಚ್ ತಿಂಗಳ ಮಾತು. ದೊಡ್ಡ ಮೀನು ಕೈಗೆಟುಕುವ ದಿನಗಳು ಅವೇ. ಯುಗಾದಿಯೂ ಆಗಲೇ ಬರುತ್ತದೆ, ಏನು ಮಾಡೋದು?

ಸಂಪಾದಕರಾದವರು ಒಂದು ಸಲ ಬಂದು ನೋಡಬೇಕು ಅಂತ ಖಜಾಂಚಿಗಳು ಹಟ ಮಾಡಿ ನನ್ನನ್ನೂ ಕರೆದುಕೊಂಡು ಹೋದರು. ಲೇಕ್ ಫೋರ್ಕ್‌ಗೆ. ನಮ್ಮೂರಿಂದ ಪೂರ್ವಕ್ಕೆ ಒಂದೂವರೆ ಗಂಟೆ ಡ್ರೈವ್. ನಾಲ್ಕು ಜನ ಹೋಗಿದ್ದೆವು. ತೀರ್ಥಹಳ್ಳಿಯ ಖಜಾಂಚಿಗಳು, ಹಾಸನದ ಒಬ್ಬ ಹುಡುಗ, ಬಸವನಗುಡಿಯ ಒಬ್ಬ ಗೆಳೆಯ ಮತ್ತು ನಾನು. ಬಸವನಗುಡಿಯವನು ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವನು. ಆದರೆ ನಾಲ್ವರಲ್ಲಿ ಅತಿ ದುಬಾರಿ ಗಾಳ ಇರುವುದು ಅವನ ಹತ್ತಿರವೇ.

ಶುಕ್ರವಾರ ರಾತ್ರಿ ಕ್ಯಾಬಿನ್ನಿನ ಜಗಲಿಯಲ್ಲಿ ಕೂತೆವು. ಪಕ್ಕದ ಕ್ಯಾಬಿನ್ನಿನವರೂ ಕುರ್ಚಿ ಎಳೆದುಕೊಂಡು ಬಂದರು. ಅವರಲ್ಲಿ ಲೂಯಿಸಿಯಾನದ ಒಬ್ಬ ಅಜ್ಜ, ಎಪ್ಪತ್ತೈದರ ಮೇಲೆ ಇರಬೇಕು. ನಾನು ಸುಮ್ನೆ ಕೂತು ಕೇಳಿದೆ. ಒಂದು ಗಂಟೆ ಕೇಳುವಷ್ಟರಲ್ಲಿ ಒಂದು ವಿಷಯ ಹೊಳೆಯಿತು. ಮೀನಿನ ತೂಕ ಹೇಳುವಾಗ ಎಲ್ಲರೂ ಸ್ವಲ್ಪ ಸೇರಿಸುತ್ತಾರೆ. ಎಲ್ಲಿ ಹಿಡಿದೆ ಅಂತ ಕೇಳಿದರೆ ಎಲ್ಲರೂ ಮುಚ್ಚಿಡುತ್ತಾರೆ. ಆದರೆ ಉಳಿದುಕೊಂಡ ರೂಮಿನ ವಿಷಯ ಬಂದರೆ, ದೇವರ ಮುಂದೆ ನಿಂತವರ ಹಾಗೆ, ಎಲ್ಲರೂ ನಿಜವನ್ನೇ ಹೇಳುತ್ತಾರೆ.

ಫೋರ್ಕ್ ಲೇಕು ಹುಟ್ಟಿದ ಕತೆಯೇ ಚೆನ್ನಾಗಿದೆ. ಇದು ಕಟ್ಟೆ ಕಟ್ಟಿ ನಿಲ್ಲಿಸಿದ ನೀರು. ಸಬೀನ್ ನದಿಗೆ ಸೇರುವ ಒಂದು ಹಳ್ಳಕ್ಕೆ ಅಡ್ಡ ಹಾಕಿದ ಕಟ್ಟೆ 1980ರಲ್ಲಿ ಮುಗಿಯಿತು. 27,000 ಎಕರೆ ನೀರು, ನಮ್ಮ ಕನ್ನಂಬಾಡಿಗಿಂತ ಸ್ವಲ್ಪ ಚಿಕ್ಕದು. ನೀರು ತುಂಬುವ ಮೊದಲೇ ಅಲ್ಲಿನ ಹೊಲದ ಹೊಂಡಗಳಿಗೆ ಫ್ಲೋರಿಡಾ ತಳಿಯ ಬಾಸ್ ಮರಿ ಬಿಟ್ಟಿದ್ದರು. ಆ ತಳಿ ಜಾಸ್ತಿ ದಪ್ಪ ಬೆಳೆಯುತ್ತದೆ. ಮರಗಳನ್ನೂ ಪೂರ್ತಿ ಕಡಿಯದೆ ಹಾಗೇ ಮುಳುಗಲು ಬಿಟ್ಟರು. ಇವತ್ತಿಗೂ ನೀರಿನ ಮಧ್ಯೆ ಬೋಳು ಮರಗಳು ನಿಂತಿವೆ. ಮೀನಿಗೆ ಅದು ಮನೆ, ದೋಣಿಯ ಪ್ರೊಪೆಲ್ಲರಿಗೆ ಯಮ.

ಹೀಗಾಗಿ ಇಲ್ಲಿ ಸಿಕ್ಕ ಮೀನುಗಳು ಸುಳ್ಳು ಹೇಳುವವರನ್ನೇ ನಾಚಿಸುವಂಥವು. 1986ರ ನವೆಂಬರಿನಲ್ಲಿ ಮಾರ್ಕ್ ಸ್ಟೀವನ್ಸನ್ ಎಂಬ ಗೈಡ್ 17.67 ಪೌಂಡಿನ ಬಾಸ್ ಹಿಡಿದರು. ಆಗ ಅದು ಟೆಕ್ಸಾಸ್ ರಾಜ್ಯದ ದಾಖಲೆ. ಕೊಲ್ಲದೆ ಜೀವಂತ ಉಳಿಸಿದ ಆ ಮೀನಿಗೆ ಎಥೆಲ್ ಅಂತ ಹೆಸರಿಟ್ಟರು. ಮಿಸೌರಿಯ ಸ್ಪ್ರಿಂಗ್‌ಫೀಲ್ಡಿನ ಬಾಸ್ ಪ್ರೋ ಅಂಗಡಿಯ ದೊಡ್ಡ ತೊಟ್ಟಿಯಲ್ಲಿ ಅದು ವರ್ಷಗಟ್ಟಲೆ ಬದುಕಿತ್ತು. 1994ರಲ್ಲಿ ಸತ್ತಾಗ ಶ್ರದ್ಧಾಂಜಲಿ ಸಭೆಯೇ ನಡೆಯಿತಂತೆ. ಹಾಸನದ ಹುಡುಗ ಇದನ್ನು ಕೇಳಿ, "ನಮ್ ಕಡೆ ಆಗಿದ್ರೆ ಮೆರವಣಿಗೆನೂ ಮಾಡ್ತಿದ್ವಿ" ಅಂದ. ಅಷ್ಟಾದರೂ ಎಥೆಲ್ ದಾಖಲೆ ಅದು ಬದುಕಿದ್ದಾಗಲೇ ಮುರಿದಿತ್ತು. 1992ರ ಜನವರಿಯಲ್ಲಿ ಬ್ಯಾರಿ ಸೇಂಟ್ ಕ್ಲೇರ್ ಎಂಬುವರು ಇದೇ ಲೇಕಿನಲ್ಲಿ ಕ್ರ್ಯಾಪಿ ಎಂಬ ಚಿಕ್ಕ ಮೀನಿಗಾಗಿ ಮರಿಮೀನು ಕಟ್ಟಿ ಗಾಳ ಬಿಟ್ಟಿದ್ದರು. ಬಂದದ್ದು 18.18 ಪೌಂಡಿನ ಬಾಸ್. ನಮ್ಮ ಲೆಕ್ಕದಲ್ಲಿ ಎಂಟೂಕಾಲು ಕೆಜಿ. ಸಾವಿರಾರು ಡಾಲರ್ ಸುರಿದು ಬಾಸ್‌ಗಾಗಿಯೇ ಜೀವ ತೇಯುವವರು ಈ ಕತೆಯನ್ನು ಬಹಳ ಹೊಟ್ಟೆಕಿಚ್ಚಿನಿಂದ ಹೇಳುತ್ತಾರೆ.

ಲೂಯಿಸಿಯಾನದ ಅಜ್ಜ ಮಾತ್ರ ಒಪ್ಪಲಿಲ್ಲ. ಅವರ ಪಕ್ಷ ಟೊಲೆಡೊ ಬೆಂಡ್, ಎರಡು ರಾಜ್ಯಗಳ ಗಡಿಯಲ್ಲಿರುವ ಮಹಾ ಲೇಕು. 2015 ಮತ್ತು 2016ರಲ್ಲಿ ಬಾಸ್‌ಮಾಸ್ಟರ್ ಪತ್ರಿಕೆ ಅದಕ್ಕೇ ದೇಶದಲ್ಲಿ ಮೊದಲ ಸ್ಥಾನ ಕೊಟ್ಟಿತ್ತು ಅಂತ ಎರಡೆರಡು ಸಲ ಹೇಳಿದರು. ಹಾಗಾದರೆ ಇಲ್ಲಿಗೆ ಯಾಕೆ ಬಂದಿದ್ದೀರಿ ಅಂತ ಕೇಳಲು ನನಗೆ ಧೈರ್ಯ ಬರಲಿಲ್ಲ.

ಇನ್ನು ರೂಮಿನ ಕತೆ. ಗಾಳದವರು ರೂಮು ನೋಡುವ ರೀತಿಯೇ ಬೇರೆ. ಹಾಸಿಗೆ ಹೇಗಿದೆ ಅಂತ ಯಾರೂ ಕೇಳಲ್ಲ. ದೋಣಿ ಕಟ್ಟಿದ ಟ್ರೇಲರ್ ತಿರುಗಿಸಲು ಅಂಗಳ ಇದೆಯಾ? ಮೀನು ಕೊಯ್ಯಲು ಹೊರಗೆ ಮೇಜು, ನಲ್ಲಿ ಇದೆಯಾ? ಬೆಳಗ್ಗೆ ನಾಲ್ಕೂವರೆಗೆ ಕಾಫಿ ಸಿಗುತ್ತಾ? ಎಲ್ಲಕ್ಕಿಂತ ಮುಖ್ಯ, ದೋಣಿಯ ಬ್ಯಾಟರಿ ರಾತ್ರಿ ಚಾರ್ಜ್ ಮಾಡಲು ಹೊರಗೋಡೆಯಲ್ಲಿ ಪ್ಲಗ್ ಇದೆಯಾ? ಇಷ್ಟಿದ್ದರೆ ಅದು ಅರಮನೆ.

ನಾವು ಇಳಿದುಕೊಂಡ ಕ್ಯಾಬಿನ್ನಿನ ಹೆಸರು ಬೇಡ. ಫೋಟೋದಲ್ಲಿ ಪ್ಲಗ್ ಇತ್ತು. ಗೋಡೆಯ ಮೇಲೂ ಇತ್ತು. ಅದರೊಳಗೆ ಕರೆಂಟ್ ಇರಲಿಲ್ಲ. ರಾತ್ರಿ ಚಾರ್ಜರ್ ಸಿಕ್ಕಿಸಿ ನಿಶ್ಚಿಂತೆಯಿಂದ ಮಲಗಿದೆವು. ಶನಿವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಬೋಳು ಮರಗಳ ನಟ್ಟನಡುವೆ, ಮೂತಿಯ ಹತ್ತಿರದ ಪುಟ್ಟ ಎಲೆಕ್ಟ್ರಿಕ್ ಮೋಟಾರು ನಿಂತುಹೋಯಿತು. ಗಾಳಿ ಬೀಸುತ್ತಿತ್ತು. ದೋಣಿ ಒಂದೊಂದೇ ಮರಕ್ಕೆ ಮೆಲ್ಲಗೆ ಢಿಕ್ಕಿ ಹೊಡೆಯುತ್ತಾ, ಎಲ್ಲ ಮೀನಿಗೂ ನಾವು ಬಂದಿರುವ ಸುದ್ದಿ ತಲುಪಿಸಿತು. ಮರದ ಕೊಂಬೆ ಹಿಡಿದು ದೋಣಿಯನ್ನು ತಳ್ಳಿಕೊಂಡು ಈಚೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ದಡಕ್ಕೆ ಬಂದು ಹೇಳಿದರೆ, "ಆ ಪ್ಲಗ್ಗಾ? ಅದು ಹೋದ ವರ್ಷದಿಂದಲೂ ಹಾಗೇ" ಅಂತ ಉತ್ತರ ಬಂತು.

ಆ ಗದ್ದಲಕ್ಕೆ ಮೊದಲು ನನಗೂ ಒಂದು ಮೀನು ಸಿಕ್ಕಿತ್ತು ಅನ್ನುವುದನ್ನು ಇಲ್ಲಿ ದಾಖಲಿಸುತ್ತೇನೆ. ಖಜಾಂಚಿಗಳೇ ಗಾಳ ಕಟ್ಟಿಕೊಟ್ಟರು. ಬಂದೂಕಿನ ಗುಂಡಿನ ಆಕಾರದ ಒಂದು ತೂಕದ ತುಂಡನ್ನು ಮೊದಲು ದಾರಕ್ಕೆ ಪೋಣಿಸಿದರು. ಆಮೇಲೆ ಕೊಕ್ಕೆ ಕಟ್ಟಿ, ಗಂಟು ಬಿಗಿಯುವ ಮೊದಲು ದಾರಕ್ಕೆ ಎಂಜಲು ಹಚ್ಚಿದರು. ಒಣದಾರ ಎಳೆದರೆ ಬಿಸಿಯಾಗಿ ಸವೆಯುತ್ತದಂತೆ. ಆಮೇಲೆ ಗೇಣುದ್ದದ ಪ್ಲಾಸ್ಟಿಕ್ ಹುಳ. ಅದರ ತಲೆಗೆ ಕೊಕ್ಕೆ ಚುಚ್ಚಿ, ಈಚೆ ತೆಗೆದು, ತಿರುಗಿಸಿ, ಮೊನೆಯನ್ನು ಮತ್ತೆ ಹುಳದ ಮೈಯೊಳಗೇ ಅಡಗಿಸಿದರು. ಮೊನೆ ಹೊರಗಿಲ್ಲವಾದ್ದರಿಂದ ಅದು ಕೊಂಬೆಗೂ ಪಾಚಿಗೂ ಸಿಕ್ಕಿಕೊಳ್ಳಲ್ಲ. ಇದಕ್ಕೇ ಟೆಕ್ಸಾಸ್ ರಿಗ್ ಅನ್ನುತ್ತಾರೆ. ಹುಳದ ಬಣ್ಣದ ಬಗ್ಗೆ ಮಾತ್ರ ಬಾಯಿ ಬಿಡಬೇಡಿ. ಕಲ್ಲಂಗಡಿ ಹಸಿರೋ, ಕಪ್ಪು ನೇರಳೆಯೋ ಅನ್ನುವುದು ಫಿಲ್ಟರ್ ಕಾಫಿಗೆ ಚಿಕೋರಿ ಬೇಕೋ ಬೇಡವೋ ಅನ್ನುವಷ್ಟೇ ದೊಡ್ಡ ಜಗಳ.

ಗಾಳ ಕಚ್ಚಿದ್ದು ಗೊತ್ತೇ ಆಗಲಿಲ್ಲ. ದಾರ ಸುಮ್ನೆ ಪಕ್ಕಕ್ಕೆ ನಡೆಯತೊಡಗಿತು, ಅಷ್ಟೇ. ಎಳೆದಾಗ ನೀರು ಒಡೆದು ಮೇಲೆ ಹಾರಿತು. ಹಸಿರು ಮೈ, ಪಕ್ಕೆಯುದ್ದಕ್ಕೂ ಕಪ್ಪು ಪಟ್ಟೆ, ಬಾಯಂತೂ ಕಣ್ಣಿನ ಹಿಂದಿನವರೆಗೂ ಸೀಳಿದ ಹಾಗೆ. ಕೆಳದವಡೆಯೊಳಗೆ ಹೆಬ್ಬೆರಳಿಟ್ಟು ಹಿಡಿಯಬೇಕು. ಅದರ ಹಲ್ಲು ಹಲ್ಲಲ್ಲ, ಉಪ್ಪುಕಾಗದ. ಎರಡು ದಿನ ಬೆರಳಿನ ಚರ್ಮ ಎದ್ದಿತ್ತು. ಅಳತೆಪಟ್ಟಿಯ ಮೇಲಿಟ್ಟರೆ ಹದಿನೇಳು ಇಂಚು. "ಬಿಡಿ ಬಿಡಿ" ಅಂತ ಮೂವರೂ ಕೂಗಿದರು.

ಫೋರ್ಕಿನ ಕಾನೂನು ಹಾಗಿದೆ. 16ರಿಂದ 24 ಇಂಚಿನ ನಡುವಿನ ಬಾಸ್ ಇಟ್ಟುಕೊಳ್ಳುವಂತಿಲ್ಲ. ಚಿಕ್ಕದು ಒಯ್ಯಬಹುದು. ದಿನಕ್ಕೆ ಐದೇ ಮೀನು, ಅದರಲ್ಲಿ 24 ಇಂಚು ಮುಟ್ಟಿದ್ದು ಒಂದೇ. ನಮಗೆಲ್ಲ ಇದು ಉಲ್ಟಾ ಅನಿಸುತ್ತದೆ. ಚಿಕ್ಕದನ್ನು ಬಿಟ್ಟು ದೊಡ್ಡದನ್ನು ಹಿಡಿ ಅಂತಲ್ಲವೇ ನಾವು ಕೇಳಿರುವುದು? ಆದರೆ ಚಿಕ್ಕವು ಕಡಿಮೆಯಾದಷ್ಟೂ ಉಳಿದವಕ್ಕೆ ಮೇವು ಜಾಸ್ತಿ. ನಡುವಿನವು ಉಳಿದರೆ ನಾಳೆಯ ಹತ್ತು ಪೌಂಡಿನ ಮೀನು ಅವೇ.

ಬಸವನಗುಡಿಯವನು ಏನು ಹಿಡಿದರೂ ಬಿಡುವವನೇ. ತಿನ್ನಲ್ಲ ಅಂದ ಮೇಲೆ ಹಿಡಿಯೋದ್ಯಾಕೆ ಅಂತ ನಾನು ಕೆಣಕಿದೆ. ಅವನು ರೇ ಸ್ಕಾಟ್ ಹೆಸರು ತೆಗೆದ. ಬಾಸ್ ಗಾಳದವರ ದೊಡ್ಡ ಸಂಘ ಕಟ್ಟಿದವರು ಅವರೇ. 1972ರಿಂದ ತಮ್ಮ ಪಂದ್ಯಗಳಲ್ಲಿ ಮೀನನ್ನು ಜೀವಂತ ಬಿಡುವ ಪದ್ಧತಿ ತಂದರು. ಖಜಾಂಚಿಗಳು ನಕ್ಕುಬಿಟ್ಟರು. "ಶೃಂಗೇರಿ ತುಂಗೆ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಹಾಕಿ ಬಾ ಮಾರಾಯ. ಗಾಳನೂ ಬೇಡ, ಅದೇ ಕಾಲಬುಡಕ್ಕೆ ಬರ್ತದೆ." ಅವನು ಉತ್ತರ ಕೊಡಲಿಲ್ಲ. ನನಗೂ ಈ ಆಟ ಪೂರ್ತಿ ಜೀರ್ಣವಾಗಿಲ್ಲ. ಬಾಯಿಗೆ ಕೊಕ್ಕೆ ಹಾಕಿ ಎಳೆದು, ಫೋಟೋ ತೆಗೆದು, ಹೋಗಿ ಬಾ ಅಂದರೆ ಮೀನಿಗೆ ಏನನಿಸಬೇಕು?

ಶನಿವಾರ ರಾತ್ರಿ ಜಗಲಿಯಲ್ಲಿ ನಿಜವಾದ ಜಗಳ ಬಂದದ್ದು ಗೂಡಿನ ಮೇಲೆ. ಮೊಟ್ಟೆ ಇಡುವ ಕಾಲಕ್ಕೆ ಗಂಡು ಬಾಸ್ ದಡದ ಹತ್ತಿರ ಬಾಲದಿಂದ ನೆಲ ಗುಡಿಸಿ ತಟ್ಟೆಯಂಥ ಗುಂಡಿ ಮಾಡುತ್ತದೆ. ಹೆಣ್ಣು ಬಂದು ಮೊಟ್ಟೆ ಇಟ್ಟು ಹೋಗುತ್ತದೆ. ಆಮೇಲೆ ಕಾವಲು ಗಂಡಿನದೇ. ಗೂಡಿನ ಮೇಲೆ ಏನು ಬಿದ್ದರೂ ಅದು ಕಚ್ಚಿ ಆಚೆ ಎಸೆಯುತ್ತದೆ, ಹಸಿವೆಯಿಂದಲ್ಲ. ಅಲ್ಲಿಗೇ ಗುರಿಯಿಟ್ಟು ಹುಳ ಬಿಟ್ಟರೆ ಸಿಕ್ಕಿತೆಂದೇ ಲೆಕ್ಕ. ಹಾಸನದ ಹುಡುಗ, "ಕಣ್ಣಿಗೆ ಕಾಣೋ ಮೀನು ಬಿಡೋಕಾಗುತ್ತಾ? ಹಿಡಿದು ಅಲ್ಲೇ ಬಿಟ್ಟರಾಯ್ತು" ಅಂದ. ಅಜ್ಜ ಕುರ್ಚಿಯ ತುದಿಗೆ ಬಂದರು. ನೀನು ಅದನ್ನು ಎತ್ತಿ ಫೋಟೋಗೆ ಹಿಡಿದ ಆ ಎರಡು ನಿಮಿಷದಲ್ಲೇ ಬ್ಲೂಗಿಲ್ ಮೀನುಗಳು ನುಗ್ಗಿ ಮೊಟ್ಟೆ ತಿನ್ನುತ್ತವೆ, ಅವಕ್ಕೆ ನೀನೇ ಬಾಗಿಲು ತೆಗೆದುಕೊಟ್ಟ ಹಾಗೆ ಅಂದರು.

ಆಗ ಖಜಾಂಚಿಗಳು ಕನ್ನಡದಲ್ಲಿ, ನಮಗೆ ಮಾತ್ರ ಕೇಳುವ ಹಾಗೆ, ತಮ್ಮೂರಿನ ಹತ್ತುಮೀನಿನ ಕತೆ ಹೇಳಿದರು. ಮಲೆನಾಡಿನಲ್ಲಿ ಮೊದಲ ಮಳೆ ಜಡಿದು ಹಳ್ಳ ಕೆಂಪಾದಾಗ ಹೊಳೆಯ ಮೀನು ಮೊಟ್ಟೆ ಇಡಲು ಗದ್ದೆಯ ಕಡೆಗೆ ಏರುತ್ತದೆ. ರಾತ್ರಿ ಹೊತ್ತು ಟಾರ್ಚು ಹಿಡಿದು, ಕತ್ತಿಯಲ್ಲೋ, ಬಿದಿರಿನ ಬುಟ್ಟಿಯಂಥ ಕೂಳಿ ಒಡ್ಡಿಯೋ ಹಿಡಿಯುತ್ತಾರೆ. ಇವರೂ ಹುಡುಗರಾಗಿದ್ದಾಗ ಅಪ್ಪಯ್ಯನ ಹಿಂದೆ ಹೋದವರು. ಒಂದು ಸಲ ಕೊಯ್ದ ಮೀನಿನ ಹೊಟ್ಟೆಯಲ್ಲಿ ಹಿಡಿ ತುಂಬ ಮೊಟ್ಟೆ ಇತ್ತಂತೆ. ಅಜ್ಜಿ ಅದನ್ನು ನೋಡಿ, "ಬಸಿರಿಯನ್ನ ತಂದಿದ್ದೀರಲ್ಲ" ಅಂತ ಒಂದೇ ಮಾತು ಅಂದು ಒಳಗೆ ಹೋದರಂತೆ. ಆದರೆ ಸಾರು ಮಾಡಿದರು, ಎಲ್ಲರೂ ಉಂಡರು. "ರುಚಿನೂ ಇತ್ತು ಮಾರಾಯ್ರೆ, ಸುಳ್ಳು ಹೇಳಬಾರದು." ಈಗ ಆ ಹಳ್ಳದಲ್ಲಿ ಮೊದಲಿನಷ್ಟು ಮೀನು ಹತ್ತುವುದಿಲ್ಲ ಅಂತಲೂ ಹೇಳಿದರು. ಖಜಾಂಚಿಗಳು ಗೂಡಿನ ಮೇಲೆ ಗಾಳ ಬಿಡುವುದಿಲ್ಲ. ಯಾಕೆ ಅಂತ ಅವರನ್ನು ನಾನು ಮತ್ತೆ ಕೇಳಲಿಲ್ಲ.

ನೀರೊಳಗಿನ ಮೀನನ್ನು ಟೀವಿಯಂತೆ ತೋರಿಸುವ ಹೊಸ ಸೋನಾರಿನ ಮೇಲೂ ವಾದ ಆಯಿತು. ಅದು ಮೋಸ ಅಂತ ಹಳಬರು, ಅಸೂಯೆ ಅಂತ ಹೊಸಬರು. ನನಗೆ ನಿದ್ದೆ ಬಂದಿತ್ತು.

ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಬಸವನಗುಡಿಯವನು ಅನ್ನಕ್ಕೆ ಪುಳಿಯೋಗರೆ ಕಲಸಲು ಒಗ್ಗರಣೆಗೆ ಇಟ್ಟ. ಎಣ್ಣೆ ಕಾದು ಒಣಮೆಣಸಿನಕಾಯಿ ಬಿದ್ದಿದ್ದೇ ತಡ, ಹೊಗೆ ಅಲಾರಾಂ ಹೊಡೆದುಕೊಂಡಿತು. ಪ್ಲಗ್ಗಿನಲ್ಲಿ ಕರೆಂಟ್ ಇಲ್ಲದಿದ್ದರೂ ಅಲಾರಾಂ ಮಾತ್ರ ಗಟ್ಟಿಮುಟ್ಟಾಗಿತ್ತು. ಹಾಸನದ ಹುಡುಗ ಕುರ್ಚಿ ಹತ್ತಿ ಟವೆಲ್ ಬೀಸಿದ. ಅಕ್ಕಪಕ್ಕದ ಕ್ಯಾಬಿನ್ನುಗಳ ದೀಪ ಹತ್ತಿದವು. ಅಜ್ಜ ಕೆಮ್ಮುತ್ತಾ ಬಾಗಿಲಿಗೆ ಬಂದರು. ಬೈಯುತ್ತಾರೆ ಅಂದುಕೊಂಡೆವು. ಅವರು ಬಾಣಲೆ ಕಡೆ ನೋಡಿ, ಅದೇನು ಅಂತ ಕೇಳಿದರು. ಒಂದು ತಟ್ಟೆ ಕೊಟ್ಟೆವು. ನಿಂತೇ ತಿಂದರು. ಕಡಲೆಕಾಯಿ ಬೀಜ ಹುಡುಕಿ ಹುಡುಕಿ ತಿಂದರು. ಇನ್ನೊಂದು ತಟ್ಟೆ ಫಾಯಿಲ್‌ನಲ್ಲಿ ಕಟ್ಟಿಸಿಕೊಂಡರು. ಹೊರಡುವಾಗ ಜೇಬಿನಿಂದ ಪೆಟ್ರೋಲ್ ಬಂಕಿನ ರಸೀದಿ ತೆಗೆದು ಅದರ ಹಿಂದೆ ಏನೋ ಗೀಚಿ, ಮೂರು ಜನ ಗಾಳದವರನ್ನು ಬಿಟ್ಟು, ನನ್ನ ಕೈಗೆ ಕೊಟ್ಟರು. ಒಂದು ಸೇತುವೆ, ಒಂದು ಬಾಣದ ಗುರುತು, ಎಷ್ಟು ಅಡಿ ಆಳ ಅನ್ನುವುದು.

ಈ ಸಂಚಿಕೆಯ ಕೊನೆಯ ಪುಟದಲ್ಲಿ ಯುಗಾದಿ ಕಾರ್ಯಕ್ರಮದ ವಿವರ ಇದೆ. ತಾರೀಖು ಏಪ್ರಿಲ್‌ಗೆ ಹೋಗಿದೆ, ಕಾರಣ ಈಗ ನಿಮಗೆಲ್ಲ ಗೊತ್ತು. ಮಕ್ಕಳನ್ನು ಗಾಳಕ್ಕೆ ಕರೆದೊಯ್ಯಬೇಕೆನ್ನುವವರಿಗೆ ಒಂದು ಮಾತು. ಟೆಕ್ಸಾಸ್‌ನಲ್ಲಿ 17 ವರ್ಷದೊಳಗಿನವರಿಗೆ ಲೈಸೆನ್ಸ್ ಬೇಡ, ಜೂನ್ ಮೊದಲ ಶನಿವಾರ ಯಾರಿಗೂ ಬೇಡ. ಕ್ಯಾಬಿನ್ ಹಿಡಿಯುವವರು ಪ್ಲಗ್ಗಿಗೆ ಫೋನ್ ಚಾರ್ಜರ್ ಸಿಕ್ಕಿಸಿ ನೋಡಿಯೇ ಸಾಮಾನು ಇಳಿಸಿ.

ರಸೀದಿ ನನ್ನ ಪರ್ಸಿನಲ್ಲೇ ಇದೆ. ಖಜಾಂಚಿಗಳು ಇದುವರೆಗೆ ನಾಲ್ಕು ಸಲ ಫೋನ್ ಮಾಡಿದ್ದಾರೆ. ಯಾವ ಸೇತುವೆ ಅಂತ ನಾನು ಹೇಳಿಲ್ಲ.

ನಿಮ್ಮ,
ಸಂಪಾದಕ