ಮೆಸ್ಸಿ ಬರಲಿಲ್ಲ, ನಮ್ಮ ಹುಡುಗಿಯರನ್ನಾದರೂ ಕರೆಸಿ: ಮಂಜೇಶ್ವರ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ರಸ್ತೆ, ನೀರು, ಕರೆಂಟಿನ ವಿಷಯ ಹೇಳಲು ನಿಮ್ಮ ಕಚೇರಿಗೆ ದಿನಾ ಜನ ಬರುತ್ತಾರೆ. ಫುಟ್ಬಾಲ್ ವಿಷಯಕ್ಕೆ, ಅದೂ ಹುಡುಗಿಯರ ಫುಟ್ಬಾಲ್ ವಿಷಯಕ್ಕೆ ಯಾರೂ ಬಂದಿರಲಿಕ್ಕಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ಭಾರತ ಮಹಿಳಾ ತಂಡದ ಒಂದು ಅಂತರರಾಷ್ಟ್ರೀಯ ಸೌಹಾರ್ದ ಪಂದ್ಯವನ್ನು ಕೋಝಿಕ್ಕೋಡಿಗೆ ತರಿಸಲು ಕ್ರೀಡಾ ಸಚಿವರ ಬೆನ್ನು ಹಿಡಿಯಿರಿ. ಆ ದಿನ ಗ್ಯಾಲರಿಯಲ್ಲಿ ನಮ್ಮ ಕನ್ನಡ ಶಾಲೆಗಳ ಹೆಣ್ಣುಮಕ್ಕಳಿಗೆ ಜಾಗ ಮಾಡಿಸಿ.

ಕಾಸರಗೋಡಿಗೇ ತನ್ನಿ ಎಂದು ಕೇಳುವ ಆಸೆ ನನಗೂ ಇದೆ. ಆದರೆ ಅಂಥ ಪಂದ್ಯಕ್ಕೆ ಬೇಕಾದ ಹುಲ್ಲು, ದೀಪ, ಡ್ರೆಸ್ಸಿಂಗ್ ರೂಮು, ಆಟಗಾರ್ತಿಯರು ಉಳಿಯುವ ಹೋಟೆಲು, ಇವನ್ನೆಲ್ಲ ಇಲ್ಲಿ ಒಂದು ವರ್ಷದಲ್ಲಿ ಮಾಡಲು ಆಗುವುದಿಲ್ಲ. ಕೋಝಿಕ್ಕೋಡಿನಲ್ಲಿ ಆ ಕಷ್ಟ ಇಲ್ಲ. 2021ರ ಸೀನಿಯರ್ ಮಹಿಳಾ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆದದ್ದು ಅಲ್ಲೇ. ಎರಡು ಸಲ ಇಂಡಿಯನ್ ವಿಮೆನ್ಸ್ ಲೀಗ್ ಗೆದ್ದ ಗೋಕುಲಂ ಕೇರಳ ತಂಡದ ಊರೂ ಅದೇ.

ದೊಡ್ಡ ಪಂದ್ಯ ತರಿಸಲು ನಮ್ಮ ಸರ್ಕಾರಕ್ಕೆ ಉತ್ಸಾಹ ಇಲ್ಲ ಎಂದು ಯಾರೂ ಹೇಳಲಾರರು. 2025ರ ನವೆಂಬರಿನಲ್ಲಿ ಅರ್ಜೆಂಟೀನಾ ತಂಡ ಮೆಸ್ಸಿ ಸಮೇತ ಕೊಚ್ಚಿಗೆ ಬರುತ್ತದೆ ಎಂದು ಕೇರಳವಿಡೀ ಕಾದು ಕೂತಿತ್ತು. ಬರಲಿಲ್ಲ. ಅದೂ ಸೌಹಾರ್ದ ಪಂದ್ಯವೇ ಆಗಿತ್ತು, ಅಲ್ವಾ? ಅದಕ್ಕೆ ಓಡಾಡಿದ್ದರಲ್ಲಿ ಕಾಲುಭಾಗ ಓಡಾಡಿದರೂ ನೇಪಾಳದ ಮಹಿಳಾ ತಂಡವನ್ನು ಕರೆಸಬಹುದು. ಚೆನ್ನೈ 2023ರ ಫೆಬ್ರವರಿಯಲ್ಲಿ ಅದನ್ನೇ ಮಾಡಿತು. ಭಾರತ ಮತ್ತು ನೇಪಾಳ ಅಲ್ಲಿ ಎರಡು ಪಂದ್ಯ ಆಡಿದವು, ಎರಡೂ ಡ್ರಾ.

ಸೌಹಾರ್ದ ಪಂದ್ಯ ಎಂದರೆ ಸುಮ್ನೆ ಕೈಕುಲುಕಿ ಹೋಗುವ ಆಟ ಎಂದು ತುಂಬಾ ಜನ ತಿಳಿದಿದ್ದಾರೆ. ಫೀಫಾ ರ್‍ಯಾಂಕಿಂಗಿಗೆ ಅದರ ಅಂಕವೂ ಸೇರುತ್ತದೆ. ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ. 2025ರ ಮೇ ಕೊನೆಗೆ, ಜೂನ್ ಮೊದಲಿಗೆ ನಮ್ಮ ತಂಡ ಬೆಂಗಳೂರಿನಲ್ಲಿ ಉಜ್ಬೇಕಿಸ್ತಾನದ ಜೊತೆ ಎರಡು ಪಂದ್ಯ ಆಡಿತು. ಒಂದನ್ನೂ ಗೆಲ್ಲಲಿಲ್ಲ. ಆದರೆ ತಮಗಿಂತ ಬಲವಾದ ತಂಡದ ಎದುರು ಎಲ್ಲೆಲ್ಲಿ ಎಡವುತ್ತೇವೆ ಎಂದು ಆಗಲೇ ಗೊತ್ತಾಯಿತು. ಜುಲೈ 5ಕ್ಕೆ, ಏಷ್ಯಾ ಕಪ್ ಅರ್ಹತಾ ಸುತ್ತಿನಲ್ಲಿ, ನಮ್ಮ ಅದೇ ಹುಡುಗಿಯರ ತಂಡ ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡನ್ನು ಅವರ ನೆಲದಲ್ಲೇ 2-1ರಿಂದ ಸೋಲಿಸಿತು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ಆಗ ಥಾಯ್ಲೆಂಡ್ 46ನೇ ಸ್ಥಾನದಲ್ಲಿತ್ತು, ನಾವು 70ರಲ್ಲಿ. ಅರ್ಹತಾ ಸುತ್ತು ಗೆದ್ದು ಏಷ್ಯಾ ಕಪ್‌ಗೆ ಹೋಗುವುದು ನಮ್ಮ ಮಹಿಳಾ ತಂಡಕ್ಕೆ ಅದೇ ಮೊದಲು.

ಆ ತಂಡದಲ್ಲಿ ನಮ್ಮ ಜಿಲ್ಲೆಯ ಹುಡುಗಿ ಇದ್ದಳು ಎಂಬುದು ನಿಮಗೆ ಗೊತ್ತೇ ಇರುತ್ತದೆ. ನೀಲೇಶ್ವರದ ಹತ್ತಿರದ ಬಂಗಳಂನ ಮಾಳವಿಕಾ. ಅರ್ಹತಾ ಸುತ್ತಿನ ಮೊದಲ ಪಂದ್ಯದಲ್ಲಿ ಭಾರತ ಮಂಗೋಲಿಯಾಕ್ಕೆ 13 ಗೋಲು ಹೊಡೆಯಿತಲ್ಲ, ಅದರಲ್ಲಿ ಒಂದು ಅವಳದ್ದು. ಕಾಸರಗೋಡಿನ ದಕ್ಷಿಣದಲ್ಲಿ ಇದು ಸಾಧ್ಯವಾಯಿತು. ಉತ್ತರದಲ್ಲಿ, ನಿಮ್ಮ ಕ್ಷೇತ್ರದಲ್ಲಿ, ಯಾಕೆ ಆಗುತ್ತಿಲ್ಲ?

ಇಲ್ಲಿ ಫುಟ್ಬಾಲ್ ಹುಚ್ಚು ಕಡಿಮೆಯೇನಲ್ಲ. ಮೊಗ್ರಾಲ್, ಕುಂಬಳೆ, ಉಪ್ಪಳದಲ್ಲಿ ಮಳೆ ನಿಂತರೆ ಸಾಕು, ಸೆವೆನ್ಸ್ ಶುರು, ಅಂದರೆ ಒಂದು ಕಡೆಗೆ ಏಳೇ ಜನ ಆಡುವ ಫುಟ್ಬಾಲ್. ಫ್ಲಡ್‌ಲೈಟ್, ಮೈಕಿನವನ ಅಬ್ಬರ, ಗೋಲಾದರೆ ಪಟಾಕಿ. ಉದ್ಘಾಟನೆಗೆ ನಿಮ್ಮನ್ನೂ ಕರೆಯುತ್ತಾರೆ, ನೀವೂ ಒಂದು ಕಿಕ್ ಹೊಡೆದು ಬರುತ್ತೀರಿ. ಆ ಗ್ಯಾಲರಿಯಲ್ಲಿ ಹೆಂಗಸರು ಎಷ್ಟು ಜನ ಇರುತ್ತಾರೆ, ಮುಂದಿನ ಸಲ ಒಮ್ಮೆ ನೋಡಿ. ಮೈದಾನದ ಒಳಗಿನ ಮಾತಂತೂ ಬೇಡ. ಕಳೆದ ವರ್ಷ ನಮ್ಮ ಕಡೆಯ ಒಂದು ಕ್ಲಬ್ಬಿಗೆ ಹೋಗಿ, ಫೈನಲಿಗೆ ಮುಂಚೆ ಹುಡುಗಿಯರಿಗೂ ಅರ್ಧ ಗಂಟೆ ಆಡಲು ಕೊಡಿ ಎಂದು ನಾವು ಕೆಲವು ತಾಯಂದಿರು ಕೇಳಿದೆವು. "ಚೇಚಿ (ಅಕ್ಕಾ), ಅದಕ್ಕೆಲ್ಲ ಜನ ಟಿಕೆಟ್ ತಗೊಳ್ಳಲ್ಲ" ಎಂದರು. ಹುಡುಗಿಯರ ಆಟವನ್ನು ಅವರೂ ಯಾವತ್ತೂ ಕಣ್ಣಾರೆ ನೋಡಿದವರಲ್ಲ.

ಶಾಲೆಯಲ್ಲಾದರೂ ಕಲಿಯಲಿ ಎಂದರೆ ಅಲ್ಲಿ ಕಲಿಸುವವರಿಲ್ಲ. ಮಕ್ಕಳ ಸಂಖ್ಯೆ ಇಷ್ಟಿದ್ದರೆ ಮಾತ್ರ ದೈಹಿಕ ಶಿಕ್ಷಕರ ಹುದ್ದೆ ಎಂಬ ಲೆಕ್ಕ ಸರ್ಕಾರದ್ದು. ನಮ್ಮ ಕನ್ನಡ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಗಳಲ್ಲಿ ಹೆಚ್ಚಿನವು ಆ ಲೆಕ್ಕಕ್ಕೆ ಮುಟ್ಟುವುದೇ ಇಲ್ಲ. ಆಟದ ಪೀರಿಯಡ್ಡಿನಲ್ಲಿ ಗಣಿತದ ಟೀಚರು ಚೆಂಡು ಕೊಟ್ಟು ನೆರಳಿಗೆ ಹೋಗುತ್ತಾರೆ. ಅವರನ್ನು ದೂರಿ ಏನು ಪ್ರಯೋಜನ? ಇನ್ನು ಸೆಲೆಕ್ಷನ್ ಟ್ರಯಲ್ಸಿನ ಸುದ್ದಿ ಮಲಯಾಳದಲ್ಲಿ, ವಾಟ್ಸಾಪಿನಲ್ಲಿ ಓಡಾಡುತ್ತದೆ. ನಮ್ಮ ಮಕ್ಕಳ ತನಕ ಬರುವಾಗ ತಾರೀಕು ಮುಗಿದಿರುತ್ತದೆ.

ಒಂದು ಪಂದ್ಯ ನೋಡಿದರೆ ಇದೆಲ್ಲ ಸರಿಯಾಗುತ್ತದೆಯೇ ಎಂದು ನೀವು ಕೇಳಬಹುದು. ಆಗುವುದಿಲ್ಲ. ಆದರೆ ಹನ್ನೊಂದು ವರ್ಷದ ಹುಡುಗಿ ಭಾರತದ ಜರ್ಸಿ ಹಾಕಿದ ಹೆಂಗಸನ್ನು ಟಿವಿಯಲ್ಲೂ ನೋಡಿರುವುದಿಲ್ಲ, ಯಾಕೆಂದರೆ ಮನೆಯ ರಿಮೋಟ್ ಅಣ್ಣನ ಕೈಯಲ್ಲಿರುತ್ತದೆ. ಗ್ಯಾಲರಿಯಲ್ಲಿ ಕೂತು ನೋಡಿದವಳು ಮರುದಿನ ಶಾಲೆಯಲ್ಲಿ ಚೆಂಡು ಕೇಳುತ್ತಾಳೆ. ಕೇಳುವವರು ಜಾಸ್ತಿಯಾದರೆ ಕ್ಲಬ್ಬಿನವರೂ ಪಂಚಾಯತಿನವರೂ ಉತ್ತರ ಕೊಡಬೇಕಾಗುತ್ತದೆ.

ಫೀಫಾ ವಿಂಡೋಗಳಲ್ಲಿ, ಅಂದರೆ ದೇಶದ ತಂಡಗಳು ಆಡಲೆಂದು ಫೀಫಾ ಗೊತ್ತುಮಾಡುವ ದಿನಗಳಲ್ಲಿ, ಜೂನ್ ಬೇಡ, ನಮ್ಮ ಮಳೆ ನಿಮಗೆ ಗೊತ್ತು. ನವೆಂಬರ್ ಕೊನೆಯದನ್ನು ಕೇಳಿ. ಪಂದ್ಯ ಸಂಜೆ ನಾಲ್ಕಕ್ಕೆ ಶುರುವಾಗಲಿ, ಮಕ್ಕಳು ಅದೇ ರಾತ್ರಿ ಮನೆ ಸೇರಬೇಕು. ಬಸ್ಸಿನ ಖರ್ಚಿಗೆ ನಿಮ್ಮ ನಿಧಿಯಿಂದ ದಾರಿ ಇದೆಯೇ ನೋಡಿ, ಇಲ್ಲದಿದ್ದರೆ ಶಾಲೆಯ ಪಿಟಿಎಗಳಿಗೆ (ಶಿಕ್ಷಕ-ಪಾಲಕರ ಸಂಘಗಳಿಗೆ) ಹೇಳಿ, ಊಟ ನಾವು ಕಟ್ಟಿಕೊಡುತ್ತೇವೆ. ಟ್ರಯಲ್ಸಿನ ಸುತ್ತೋಲೆ ಕನ್ನಡದಲ್ಲೂ ಬರುವಂತೆ ಮಾಡಲು ಪಂದ್ಯದ ತನಕ ಕಾಯಬೇಕಾಗಿಲ್ಲ. ಅದಕ್ಕೆ ನಿಮ್ಮ ಒಂದು ಫೋನ್ ಸಾಕು.

ಇತಿ,
ಪೈವಳಿಕೆಯ ಒಬ್ಬ ತಾಯಿ, ನಿಮ್ಮ ಮತದಾರಳು