ತಂತ್ರಾಂಶ ತೆಗೆಯುವುದನ್ನೂ ಕಲಿಸಿ

ಮಾನ್ಯರೇ,

ತುಮಕೂರಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ 11 ವರ್ಷಗಳಿಂದ ಪ್ರಾಕ್ಟಿಕಲ್ ತೆಗೆದುಕೊಳ್ಳುತ್ತಿದ್ದೇನೆ. ಕಳೆದ ವಾರ ಒಂದು ಬೆಳಿಗ್ಗೆ 30 ಕಂಪ್ಯೂಟರುಗಳಲ್ಲಿ ಅರ್ಧಕ್ಕರ್ಧ ಇಂಟರ್ನೆಟ್ ಇಲ್ಲದೆ ಕೂತವು. ಕೇಬಲ್, ಸ್ವಿಚ್, ರೂಟರ್ ಎಲ್ಲ ನೋಡಿದ್ದಾಯಿತು. ಪಾವಗಡ, ಮಧುಗಿರಿ ಕಡೆಯಿಂದ ನಸುಕಿನ ಬಸ್ಸು ಹಿಡಿದು ಬರುವ ನಮ್ಮ ಮಕ್ಕಳಲ್ಲಿ ಬಹಳ ಜನರ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಅವರ ಮೂರು ಗಂಟೆ ಹಾಳಾಯಿತು.

ಕಾರಣ ಸಿಕ್ಕಿದ್ದು ಮಧ್ಯಾಹ್ನ. ಮೂಲೆಯ, ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆ ಇರುವ ಯಂತ್ರದಲ್ಲಿ ವಿದ್ಯಾರ್ಥಿನಿಯೊಬ್ಬಳು ಕೈಪಿಡಿಯಲ್ಲಿದ್ದಂತೆ ತಂತ್ರಾಂಶ ಹಾಕುವ ಆಜ್ಞೆ 'ಆ್ಯಪ್ಟ್ ಇನ್‌ಸ್ಟಾಲ್' ಕೊಟ್ಟು ಡಿಎನ್‌ಎಸ್‌ಮಾಸ್ಕ್ ಹಾಕಿದ್ದಳು. ನೆಟ್‌ವರ್ಕಿನ ಯಂತ್ರಗಳಿಗೆ ಐಪಿ ವಿಳಾಸ, ಅಂದರೆ ಗುರುತಿನ ಸಂಖ್ಯೆ, ಹಂಚಬಲ್ಲ ಪುಟ್ಟ ತಂತ್ರಾಂಶ ಅದು. ಅವಳು ಇನ್ನೇನೂ ಮಾಡಿರಲಿಲ್ಲ. ಆದರೆ ಹೋದ ವರ್ಷದ ಹುಡುಗನೊಬ್ಬ ಅದೇ ಯಂತ್ರದಲ್ಲಿ ಅದನ್ನು ಹಾಕಿ, ವಿಳಾಸ ಹಂಚುವಂತೆ ಬರೆದು, ಪ್ರಾಕ್ಟಿಕಲ್ ಮುಗಿದ ಮೇಲೆ 'ಆ್ಯಪ್ಟ್ ರಿಮೂವ್' ಕೊಟ್ಟು ಹೋಗಿದ್ದ. ರಿಮೂವ್ ಕೊಟ್ಟರೆ ತಂತ್ರಾಂಶ ಹೋಗುತ್ತದೆ, ಇಟಿಸಿ ಫೋಲ್ಡರಿನಲ್ಲಿ ನಾವು ಬರೆದಿಟ್ಟ ಕಾನ್ಫಿಗರೇಶನ್ ಕಡತ, ಅಂದರೆ ಅದು ಹೇಗೆ ಕೆಲಸ ಮಾಡಬೇಕೆಂಬ ಸೂಚನೆ, ಉಳಿಯುತ್ತದೆ. ಡೆಬಿಯನ್‌ನಲ್ಲಿ ಇಂಥ ಸೇವೆಗಳು ಹಾಕಿದ ಕ್ಷಣವೇ ಶುರುವಾಗುತ್ತವೆ. ಹಳೆಯ ಕಡತ ಎದ್ದು ಕೂತು, ನಮ್ಮ ರೂಟರಿಗಿಂತ ಮೊದಲೇ ಉತ್ತರ ಕೊಟ್ಟು, ಮೂಲೆಯ ಯಂತ್ರವನ್ನೇ ಇಂಟರ್ನೆಟ್ಟಿಗೆ ಹೋಗುವ ದಾರಿ ಎಂದು ಅರ್ಧದಷ್ಟು ಯಂತ್ರಗಳಿಗೆ ತೋರಿಸಿಬಿಟ್ಟಿತು.

ರಿಮೂವ್ ಹೀಗೆ ಉಳಿಸುವುದು ದೋಷವಲ್ಲ. ಮುಂದೆ ಮತ್ತೆ ಹಾಕಿಕೊಳ್ಳುವವರ ಶ್ರಮ ಉಳಿಯಲೆಂದೇ ಆ ಏರ್ಪಾಡು. ಪೂರ್ತಿ ತೆಗೆಯಬೇಕಾದವರಿಗೆ 'ಪರ್ಜ್' ಇದೆ, ಅದರ ಜೊತೆಗೆ ಬಂದು ಈಗ ಯಾವ ತಂತ್ರಾಂಶಕ್ಕೂ ಬೇಡವಾದ ಪ್ಯಾಕೇಜುಗಳಿಗೆ (ತಂತ್ರಾಂಶದ ಕಟ್ಟುಗಳಿಗೆ) 'ಆಟೋರಿಮೂವ್' ಇದೆ. ಇದನ್ನು ಹೇಳಿದಾಗ ಪಾವಗಡದ ಹುಡುಗನೊಬ್ಬ, "ಗರಿಕೆ ಕೊಯ್ದಂಗಾಯ್ತು ಮೇಡಂ, ಬೇರು ಅಲ್ಲೇ ಐತಲ್ಲ" ಅಂದ. ನಾನು ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

ಆ ಸಂಜೆ ಒಂದೊಂದೇ ಯಂತ್ರದಲ್ಲಿ ಪ್ಯಾಕೇಜುಗಳ ಪಟ್ಟಿ ತೆಗೆಸಿ ನೋಡಿದೆ. ತೆಗೆದರೂ ಕಾನ್ಫಿಗರೇಶನ್ ಉಳಿದಿದೆ ಎಂದು ಹೇಳುವ 'ಆರ್‌ಸಿ' ಗುರುತು 9 ಯಂತ್ರಗಳಲ್ಲಿತ್ತು.

ನಮ್ಮ ಕೈಪಿಡಿಯಲ್ಲಿ ಹಾಕುವ ವಿಧಾನಕ್ಕೆ ನಾಲ್ಕು ಪುಟ, ತೆಗೆಯುವುದಕ್ಕೆ ಒಂದು ಸಾಲೂ ಇಲ್ಲ. ಪರೀಕ್ಷೆಯಲ್ಲೂ ಹಾಕಿ ತೋರಿಸಿದರೆ ಅಂಕ. ನಾಳೆ ಇದೇ ಮಕ್ಕಳು ಯಾವುದೋ ಆಸ್ಪತ್ರೆಯ, ಬ್ಯಾಂಕಿನ ಸರ್ವರ್ ನೋಡಿಕೊಳ್ಳುವವರು. ಪಠ್ಯ ರೂಪಿಸುವವರು ರಿಮೂವ್‌ಗೂ ಪರ್ಜ್‌ಗೂ ಇರುವ ವ್ಯತ್ಯಾಸಕ್ಕೆ ಒಂದು ಪ್ರಾಕ್ಟಿಕಲ್ ಮೀಸಲಿಡಲಿ, ಅದಕ್ಕೂ ಅಂಕ ಇರಲಿ. ಮುಂದಿನ ಸೆಮಿಸ್ಟರಿನ ಕೈಪಿಡಿ ಅಚ್ಚಿಗೆ ಹೋಗುವ ಮುನ್ನ ಇದು ಆಗಬೇಕೆಂದು ಕೈಮುಗಿದು ಕೇಳುತ್ತೇನೆ.

– ಲ್ಯಾಬ್ ಬೋಧಕಿ, ತುಮಕೂರು