ದಿಢೀರನೆ ನಿಲ್ಲಿಸಬೇಡ ಪುಟ್ಟಿ

ಪ್ರೀತಿಯ ಪುಟ್ಟಿಗೆ,

ಆಗಿಹೋದದ್ದೆಲ್ಲ ಮನೆಯವರಿಗೆ ಗೊತ್ತೇ ಇದೆ, ಅದನ್ನು ಕೆದಕುವುದಿಲ್ಲ. ಬಸುರಿಯಾಗಿರುವ ನೀನು ಓಪಿಯಾಯ್ಡ್ (ಅಫೀಮಿನ ಜಾತಿಯ ಮಾದಕ) ಚಟದಿಂದ ಹೊರಬರಲು ಹೊರಟಿದ್ದೀಯ, ಆದರೆ ನಿನ್ನ ಕಾಗದದ ಒಂದು ಸಾಲು ಮಾತ್ರ ನಿದ್ದೆ ಕೆಡಿಸಿದೆ: ‘ಚಿಕಿತ್ಸೆಯ ಮಾತ್ರೆಯಿಂದ ಮಗುವಿಗೂ ಚಟ ಅಂಟೀತು, ಅದಕ್ಕೇ ಮನೆಯಲ್ಲೇ ಎಲ್ಲ ನಿಲ್ಲಿಸಿಬಿಡುತ್ತೇನೆ.’

ಬೇಡ ಮಾರಾಯ್ತಿ. ಓಪಿಯಾಯ್ಡ್ ಒಮ್ಮೆಲೇ ನಿಂತರೆ ವಾಂತಿ, ಭೇದಿ, ನಡುಕದಲ್ಲಿ ನೀನು ಬಳಲುವುದಷ್ಟೇ ಅಲ್ಲ, ಅವಧಿಗೆ ಮುಂಚೆ ಹೆರಿಗೆಯಾಗುವ ಭಯವೂ ಇದೆ. ಅದಕ್ಕಿಂತ ದೊಡ್ಡ ಗಂಡಾಂತರ ಆಮೇಲಿನದು: ತಡೆಯಲಾರದೆ ಹಳೆಯ ಪ್ರಮಾಣಕ್ಕೇ ಕೈಹಾಕಿದರೆ, ಅಷ್ಟರಲ್ಲಿ ದೇಹದ ತಾಳಿಕೆ ಇಳಿದಿರುತ್ತದೆ, ಉಸಿರೇ ನಿಲ್ಲಬಹುದು. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಗರ್ಭಿಣಿಯರಿಗೆ ಬಿಡಿಸುವುದಕ್ಕಿಂತ ಈ ಚಟದ ಚಿಕಿತ್ಸೆಗೆ ಕೊಡುವ ಮೆಥಡೋನ್ ಇಲ್ಲವೇ ಬ್ಯುಪ್ರೆನಾರ್ಫಿನ್ ಮುಂದುವರಿಸಿ ಎಂದದ್ದು. ಬ್ಯುಪ್ರೆನಾರ್ಫಿನ್ ಆದರೆ ಅವಸರ ಸಲ್ಲದು. ಬೇಗ ಇಳಿಯುವ ಓಪಿಯಾಯ್ಡ್ ತೆಗೆದುಕೊಂಡು ಕನಿಷ್ಠ 12 ಗಂಟೆ ಕಳೆದು, ಆಕಳಿಕೆ, ಬೆವರು, ಮೈಕೈ ನೋವು ಶುರುವಾದ ಮೇಲೆ ಮೊದಲ ಗುಳಿಗೆ. ಮುಂಚೆಯೇ ನುಂಗಿದರೆ ಆ ಗುಳಿಗೆಯೇ ವಾಂತಿ, ನಡುಕದ ಸಂಕಟ ತರುತ್ತದೆ.

ಮತ್ತೆ ಮಗುವಿನ ಮಾತಿಗೇ ಬರುತ್ತೇನೆ, ಮನಸ್ಸು ಅಲ್ಲೇ ಸುತ್ತುತ್ತಿದೆ. ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ಕೂಸು ನಡುಗಬಹುದು, ಚೀರಬಹುದು, ಹಾಲು ಕುಡಿಯಲು ಒದ್ದಾಡಬಹುದು. ಅದು ಚಟವಲ್ಲ, ಔಷಧಿ ಮೈಯಿಂದ ಇಳಿಯುವಾಗಿನ ಲಕ್ಷಣ, ವಾಸಿಯಾಗುತ್ತದೆ. ನಿನ್ನ ಡೋಸ್ ಕಡಿಮೆ ಮಾಡಿದರೆ ಅದಕ್ಕೆ ನರಳಾಟ ಕಡಿಮೆಯಾಗುತ್ತದೆ ಎಂಬುದಕ್ಕೂ ಆಧಾರವಿಲ್ಲ. ಕೊನೆಯ ತಿಂಗಳುಗಳಲ್ಲಂತೂ ಡೋಸ್ ಏರಿಸಬೇಕಾಗಬಹುದು. ದೇಹ ಔಷಧಿಯನ್ನು ಬೇಗ ಕರಗಿಸುತ್ತದೆ, ನೀನು ಸೋತದ್ದಲ್ಲ. ಹಿಂದೆ ಇಂಥ ಕೂಸುಗಳನ್ನು ತಾಯಿಯಿಂದ ಬೇರೆ ಕೋಣೆಯಲ್ಲಿಡುತ್ತಿದ್ದರು, ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಈಗ ನಿನ್ನ ಪಕ್ಕದಲ್ಲೇ, ಬಟ್ಟೆಯಲ್ಲಿ ಸುತ್ತಿ, ಎದೆಗವಚಿ, ಮಂದ ಬೆಳಕಿನಲ್ಲಿ ಇಡುತ್ತಾರೆ. ನೀನು ಸ್ಥಿರವಾಗಿದ್ದು ಬೇರೆ ಮಾದಕ ವಸ್ತು ಮುಟ್ಟದಿದ್ದರೆ, ಎಚ್ಐವಿ ಇಲ್ಲವೆಂದು ಖಾತ್ರಿಯಾಗಿದ್ದರೆ, ಎದೆಹಾಲು ಒಳ್ಳೆಯದೇ.

ಚಿಕಿತ್ಸಾ ಕೇಂದ್ರ ಹುಡುಕುವ ಬಗ್ಗೆ ನನಗೆ ತೋಚಿದ್ದು ಇಷ್ಟು, ಉಪದೇಶ ಎನಿಸಿದರೆ ಕ್ಷಮಿಸು. ‘ಗರ್ಭಿಣಿಯರನ್ನು ಸೇರಿಸಿಕೊಳ್ಳುತ್ತೀರಾ’ ಎಂದಷ್ಟೇ ಕೇಳಬೇಡ. ಈ ಔಷಧಿಗಳನ್ನು ಕೊಡುತ್ತೀರಾ, ಹೆರಿಗೆ ಡಾಕ್ಟರ ಜೊತೆ ಮಾತಾಡಿಕೊಳ್ಳುತ್ತೀರಾ, ಬಾಣಂತನದಲ್ಲಿ ಕೂಸು ನನ್ನೊಂದಿಗೆ ಇರಬಹುದೇ, ಹೆರಿಗೆಯಾಗಿ ವರ್ಷ ಕಳೆಯುವವರೆಗೂ ನೋಡಿಕೊಳ್ಳುತ್ತೀರಾ ಎಂದು ಕೇಳು. ಕೊನೆಯ ಪ್ರಶ್ನೆ ಮರೆಯಬೇಡ: ಹೆತ್ತ ಮೇಲಿನ ಆರು ತಿಂಗಳಿಂದ ವರ್ಷದವರೆಗಿನ ಕಾಲದಲ್ಲೇ ಓವರ್‌ಡೋಸ್ ಹೆಚ್ಚು. ಓವರ್‌ಡೋಸ್ ಆದಾಗ ಉಸಿರು ಮರಳಿಸುವ ಮದ್ದು ನಲಾಕ್ಸೋನ್ ಮನೆಯಲ್ಲಿರಲಿ, ಅದನ್ನು ಬಳಸುವುದು ಜೊತೆಗಿರುವವರಿಗೆ ಗೊತ್ತಿರಲಿ. ‘ಮೊದಲು ಪೂರ್ತಿ ಬಿಟ್ಟು ಬಾ’ ಎನ್ನುವ ಕೇಂದ್ರ ನಿನಗಲ್ಲ.

ಮದ್ಯವೋ ನಿದ್ದೆ ಮಾತ್ರೆಯೋ ದಿನವೂ ಇದ್ದರೆ ಮುಚ್ಚಿಡಬೇಡ. ಅವನ್ನು ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಆಸ್ಪತ್ರೆಯ ಕಾವಲಿನಲ್ಲೇ ಇಳಿಸಬೇಕು.

ಹೆರಿಗೆ ದಿನವೂ ನಿನ್ನ ಎಂದಿನ ಡೋಸ್ ತಪ್ಪಕೂಡದು, ನೋವಿಗೆ ಬೇರೆಯೇ ಔಷಧಿ ಬೇಕು. ನೋವಿನ ಮದ್ದುಗಳಲ್ಲಿ ಪೆಂಟಜೋಸಿನ್, ಬ್ಯುಟಾರ್ಫನಾಲ್, ನಾಲ್ಬುಫಿನ್ ಈ ಮೂರು ಒಮ್ಮೆಲೇ ಬಿಟ್ಟಾಗಿನ ಸಂಕಟವನ್ನೇ ತರುತ್ತವೆ, ಅವು ಮಾತ್ರ ಬೇಡವೆಂದು ಈಗಲೇ ಕಡತದಲ್ಲಿ ಬರೆಸು.

ನಿನ್ನ,
ದೊಡ್ಡಮ್ಮ